‘ಖ್ಯಾತಿಯ’ ಎಂಬ ಮಾತಿನ ಆಯುಷ್ಯ

ದೀಪಾವಳಿ ಕಳೆದು ಪತ್ತನಾಜೆ ಬರುವವರೆಗೆ ಪುತ್ತೂರು, ಸುಳ್ಯ, ಕಡಬದ ಯಾವ ಪೇಟೆಯಲ್ಲಿ ಬಸ್ಸಿಗೆ ಕಾದು ನಿಂತರೂ ಎದುರಿಗೊಂದು ಫ್ಲೆಕ್ಸ್ ಇರುತ್ತದೆ. ಬ್ರಹ್ಮಕಲಶವೋ, ಶಾಲಾ ವಾರ್ಷಿಕೋತ್ಸವವೋ. ಕೆಳಗಡೆ ಹಾಡುವವರ ಫೋಟೊ, ಅದರ ಪಕ್ಕ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಸರಿಗಮಪ ಖ್ಯಾತಿಯ’. ಟಿ.ವಿ. ಸ್ಪರ್ಧೆಗಳು ನಮ್ಮ ಗಾಯಕರಿಗೆ ಗಳಿಸಿಕೊಟ್ಟದ್ದೇನು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಎರಡು ಪದಗಳನ್ನೇ. ಪುತ್ತೂರಿನ ಅಖಿಲಾ ಪಜಿಮಣ್ಣು ಅವರನ್ನು ನಾಡು ಗುರುತಿಸಿದ್ದೂ ‘ಕನ್ನಡ ಕೋಗಿಲೆ’ಯಿಂದ. ಸಣ್ಣ ಗಳಿಕೆಯೇನಲ್ಲ. ಆದರೆ ಇನ್ನೊಂದು ಸೀಸನ್ ಶುರುವಾಗಿ ಹೊಸಬರು ಹತ್ತು ಜನ ಅದೇ ‘ಖ್ಯಾತಿಯ’ ಆಗಿ ಬಂದ ಮೇಲೆ ಹಳಬರ ಸಂಭಾವನೆ ಏರುವುದು ಕಷ್ಟ.

ಗೆದ್ದವರಿಗೆ ಮಾರುಕಟ್ಟೆ ಯಾಕೆ ಸಿಗುವುದಿಲ್ಲ? ಸ್ಪರ್ಧೆ ಕಲಿಸುವ ವಿದ್ಯೆಯೇ ಬೇರೆ. ಮೂರು ನಾಲ್ಕು ನಿಮಿಷದೊಳಗೆ ಪಲ್ಲವಿ, ಒಂದು ಚರಣ, ಕೊನೆಗೊಂದು ತಾರಸ್ಥಾಯಿಯ ಹಾರಾಟ, ತೀರ್ಪುಗಾರರು ಎದ್ದು ನಿಲ್ಲುವುದು. ವಾರ ವಾರ ರಾಜ್‌ಕುಮಾರ್, ಎಸ್‌ಪಿಬಿ, ಎಸ್. ಜಾನಕಿ ಹಾಡಿದ್ದನ್ನು ಕೂದಲೆಳೆಯಷ್ಟೂ ತಪ್ಪದಂತೆ ಒಪ್ಪಿಸಬೇಕು. ‘ಥೇಟ್ ಎಸ್‌ಪಿಬಿ!’ ಎಂಬುದೇ ಅಲ್ಲಿ ದೊಡ್ಡ ಹೊಗಳಿಕೆ. ಎಸ್‌ಪಿಬಿ ಹಾಡನ್ನು ಎಸ್‌ಪಿಬಿಯವರ ದನಿಯಲ್ಲೇ ಕೇಳಬಹುದಾದಾಗ ಥೇಟ್ ಎಸ್‌ಪಿಬಿಗೆ ಯಾರು ದುಡ್ಡು ಕೊಡುತ್ತಾರೆ? ಸ್ವತಃ ಅವರೇ ನಡೆಸಿಕೊಡುತ್ತಿದ್ದ ಈಟಿವಿಯ ‘ಎದೆ ತುಂಬಿ ಹಾಡುವೆನು’ ಈ ಜಾತಿಯಲ್ಲಿ ಎಲ್ಲಕ್ಕಿಂತ ಘನವಾದದ್ದು. ಸಾಹಿತ್ಯದ ಉಚ್ಚಾರ ತಿದ್ದುತ್ತ, ರಾಗ ಕಟ್ಟಿದವರನ್ನು ನೆನೆಯುತ್ತ ಅವರು ಮಕ್ಕಳಿಗೆ ಪಾಠವನ್ನೇ ಮಾಡುತ್ತಿದ್ದರು. ಪಾಠ ಚೆನ್ನಾಗಿತ್ತು, ಹಾಡು ಮಾತ್ರ ಅಲ್ಲೂ ಬೇರೆಯವರದೇ.

ಹಿಂದಿ ಟಿ.ವಿ.ಯ 2005ರ ‘ಫೇಮ್ ಗುರುಕುಲ’ದಲ್ಲಿ ಗೆದ್ದವರು ಕಾಜಿ ತೌಕೀರ್ ಮತ್ತು ರೂಪರೇಖಾ ಬ್ಯಾನರ್ಜಿ. ಸೋತು ಹೊರಬಿದ್ದವರಲ್ಲಿ ಒಬ್ಬ ಅರಿಜಿತ್ ಸಿಂಗ್. ನಮ್ಮಲ್ಲೂ ಹಾಗೆಯೇ: ‘ಸರಿಗಮಪ’ದ ಫೈನಲ್ ತಲುಪಿ ಗೆಲ್ಲದೆ ಬಂದ ಸಂಜಿತ್ ಹೆಗ್ಡೆ ಸಿನಿಮಾಕ್ಕೆ ಹಾಡಿದರು, ಜೊತೆಗೆ ‘ನಂಗೆ ಅಲ್ಲವಾ’ದಂಥ ಸಿನಿಮಾದ ಹಂಗಿಲ್ಲದ ಹಾಡುಗಳನ್ನೂ ಮಾಡಿದರು. ಕನ್ನಡದಲ್ಲಿ ಪಾಪ್ ಮಾರುಕಟ್ಟೆ ಎಂಬುದೊಂದು ಇದ್ದರೆ ಅದು ಇಂಥ ಹಾಡುಗಳದ್ದು. ಹಾವೇರಿ ಕಡೆಯ ಹನುಮಂತ ಅದೇ ಸ್ಪರ್ಧೆಯಲ್ಲಿ ಎರಡನೆಯವರಾದರು, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು. ಗೆಲುವು ಒಳ್ಳೆಯದೇ, ಆದರೆ ಅದು ಸಂಗೀತದ್ದಲ್ಲ. ವಾಹಿನಿಗೆ ಬೇಕಾದದ್ದು ಮುಂದಿನ ಕಾರ್ಯಕ್ರಮಕ್ಕೊಂದು ಮುಖ. ಆಲ್ಬಂ ಮಾರುವುದು ಅದರ ಕಸುಬಲ್ಲ.

ಇನ್ನು ನಮ್ಮ ಸೀಮೆಯ ಲೆಕ್ಕ ನೋಡಿ. ಇಲ್ಲಿಂದ ಹೊರಟ ದನಿಗಳಲ್ಲಿ ಕರ್ನಾಟಕದ ಮನೆಮನೆಗೆ ತಲುಪಿದ್ದು ಯಾವುದು? ಕುಕ್ಕೆ ಸುಬ್ರಹ್ಮಣ್ಯದ್ದು. ಆಗ ಸುಳ್ಯ ತಾಲೂಕು, ಈಗ ಕಡಬ. ಅಲ್ಲಿನ ಮಠದ ಯತಿಯಾಗಿದ್ದ ವಿದ್ಯಾಭೂಷಣರ ದೇವರನಾಮದ ಕ್ಯಾಸೆಟ್ ಇಲ್ಲದ ಟೇಪ್‌ರೆಕಾರ್ಡರ್ ಆ ಕಾಲದಲ್ಲಿ ಅಪರೂಪ. 1997ರಲ್ಲಿ ಪೀಠ ಬಿಟ್ಟು ಗೃಹಸ್ಥರಾದಾಗ ಊರಿಡೀ ಗುಲ್ಲೆದ್ದಿತು, ಕೇಳುಗರು ಮಾತ್ರ ಕೇಳುವುದನ್ನು ಬಿಡಲಿಲ್ಲ. ಇನ್ನೊಬ್ಬರು ಪುತ್ತೂರು ನರಸಿಂಹ ನಾಯಕ್, ದಾಸರ ಪದಕ್ಕೂ ಭಾವಗೀತೆಗೂ ಒಗ್ಗಿದ ಕಂಠ. ಊರಿನ ಹೆಸರನ್ನೇ ಮುಂದಿಟ್ಟುಕೊಂಡವರಿಗೆ ‘ಖ್ಯಾತಿಯ’ ಎಂಬುದು ಬೇಕಾಗಲಿಲ್ಲ.

ದಾಸರ ಪದವೂ ಸ್ವಂತದ್ದಲ್ಲವಲ್ಲ ಎಂದು ಯಾರಾದರೂ ಕೇಳಿಯಾರು. ಸರಿಯಾದ ಪ್ರಶ್ನೆ. ಆದರೆ ದಾಸರು ಸಾಹಿತ್ಯ ಬಿಟ್ಟುಹೋದರು, ರೆಕಾರ್ಡ್ ಬಿಟ್ಟುಹೋಗಲಿಲ್ಲ. ಹಾಗಾಗಿ ಹಾಡಿದವರ ಧಾಟಿಯೇ ಕೇಳುಗರಿಗೆ ಮೂಲವಾಯಿತು. ಹಕ್ಕು ಕೇಳಲು ಬರುವವರೂ ಇರಲಿಲ್ಲ. ಇವತ್ತಿನ ಹುಡುಗಿ ಸಿನಿಮಾ ಹಾಡೊಂದನ್ನು ಎಷ್ಟೇ ಇಂಪಾಗಿ ಹಾಡಿ ಯೂಟ್ಯೂಬಿಗೆ ಹಾಕಲಿ, ಆಡಿಯೊ ಕಂಪನಿ ಹಕ್ಕು ಹೂಡಿದರೆ ಜಾಹೀರಾತಿನ ಹಣ ಅತ್ತ ಹೋಗುತ್ತದೆ. 2012ರ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿ ಗಾಯಕರಿಗೂ ರಾಯಲ್ಟಿಯ ದಾರಿ ತೆರೆದಿದೆ, ನಿಜ. ಆದರೆ ರಾಯಲ್ಟಿ ಹುಟ್ಟಬೇಕಾದರೆ ವಾಣಿಜ್ಯ ಬಳಕೆಗೆಂದು ಧ್ವನಿಮುದ್ರಣವಾದ ಹಾಡೊಂದರಲ್ಲಿ ನಿಮ್ಮ ದನಿ ಇರಬೇಕು.

ಹಾಗೆಂದು ನಮ್ಮಲ್ಲಿ ಹಾಡಿಗೆ ಬೆಲೆಯಿಲ್ಲವೇ? ಧಾರಾಳ ಇದೆ. ಕಲ್ಮಡ್ಕ ಕಡೆಯ ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ತೀರಿಹೋಗುವ ತನಕ ದಶಕಗಳ ಕಾಲ ಅವರ ಭಾಗವತಿಕೆಗೆಂದೇ ಜನ ನಿದ್ದೆಗೆಟ್ಟರು. ಜಗದೀಶ್ ಪುತ್ತೂರು ಬಳಗದ ಭಕ್ತಿಗಾನಕ್ಕೆ ತುಳುನಾಡಿನುದ್ದಕ್ಕೂ ವೇದಿಕೆಗಳಿವೆ. ಇವರನ್ನು ಕರೆಸುವವರು ಕರೆಸುವುದು ಬೇರೆ ಕಡೆ ಸಿಗದ ಒಂದು ಧಾಟಿಗಾಗಿ. ಟಿ.ವಿ.ಯಿಂದ ಮರಳಿದವರಲ್ಲಿ ಕಂಠಕ್ಕೆ ಕೊರತೆ ಇಲ್ಲ, ಇಂಥದ್ದೊಂದು ಧಾಟಿ ನನಗಿನ್ನೂ ಕೇಳಿಸಿಲ್ಲ. ತುಳುವಿನಲ್ಲಿ, ಅರೆಭಾಷೆಯಲ್ಲಿ ಹೊಸ ಹಾಡಿಗೆ ಬೇಕಾದಷ್ಟು ಜಾಗ ಖಾಲಿ ಬಿದ್ದಿರುವಾಗ ಅವರು ಮತ್ತೆ ಅದೇ ಸಿನಿಮಾ ಹಾಡು ಎತ್ತಿಕೊಳ್ಳುವುದನ್ನು ನೋಡಿ ಬೇಸರವಾಗುತ್ತದೆ.

ತಪ್ಪು ಅವರದ್ದಷ್ಟೇ ಅಲ್ಲ. ಮೂರು ಗಂಟೆಯ ರಸಮಂಜರಿಯಲ್ಲಿ ನಾವು ಚೀಟಿ ಕಳಿಸುವುದು ಹಳೆಯ ಸಿನಿಮಾ ಹಾಡಿಗೇ. ಸಮಿತಿಯವರಲ್ಲಿ ಒಂದು ವಿನಂತಿ: ಮುಂದಿನ ಜಾತ್ರೆಗೆ ‘ಖ್ಯಾತಿಯ’ ಗಾಯಕರನ್ನು ಕರೆಸುವಾಗ ವೀಳ್ಯದ ಜೊತೆಗೇ ಒಂದು ಕರಾರು ಹಾಕಿ. ಇಪ್ಪತ್ತು ಹಾಡಿನಲ್ಲಿ ಎರಡಾದರೂ ಅವರದ್ದೇ ಆಗಿರಲಿ. ಆ ಎರಡಕ್ಕೆ ಬೇಕಾದರೆ ಸ್ವಲ್ಪ ಹೆಚ್ಚು ಕೊಡಿ.