ಕಣವಿಜ್ಞಾನದಲ್ಲಿ ಉಪಮೆಯ ಮೇರೆ

ಸೂಕ್ಷ್ಮಕಣಗಳ ವಿಜ್ಞಾನವನ್ನು ಬೋಧಿಸುವವರು ಉಪಮೆಯ ಊರುಗೋಲಿಲ್ಲದೆ ನಡೆಯುವುದು ವಿರಳ. ಎಲೆಕ್ಟ್ರಾನು ಬುಗುರಿಯಂತೆ ತಿರುಗುವುದು; ಹಿಗ್ಸ್ ಕ್ಷೇತ್ರವು ಜೇನುತುಪ್ಪದಂತೆ ಕಣಗಳನ್ನು ತಡೆಯುವುದು; ನ್ಯೂಟ್ರಿನೋ ಗಾಜನ್ನು ಹಾಯುವ ಬೆಳಕಿನಂತೆ ಬಂಡೆಯನ್ನು ಹಾಯುವುದು. ಇಂಥ ಮಾತುಗಳ ಬೆಲೆಯನ್ನು ಕಟ್ಟಲು ಬೇಕಾದ ಒರೆಗಲ್ಲು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಉಂಟು. ಕೊಡ್ಲಿ, ಚಿತ್ತಾಪುರ, ಚಿಂಚೋಳಿಗಳ ಸೀಮೆಗೆ ಸೇರಿದ ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ, ತನ್ನ ಮೂರನೆಯ ಪರಿಚ್ಛೇದದಲ್ಲಿ ಅರ್ಥಾಲಂಕಾರಗಳನ್ನು ವಿವೇಚಿಸಿದೆ.

ಉಪಮೆಗೆ ಜೀವವು ಸಾಧಾರಣಧರ್ಮ. ಮುಖವು ಚಂದ್ರನಂತಿದೆ ಎಂದಾಗ ಕಾಂತಿಯೊಂದನ್ನೇ ಗ್ರಹಿಸಬೇಕು. ಕೃಷ್ಣಪಕ್ಷದಲ್ಲಿ ಮುಖವೂ ಕ್ಷೀಣಿಸುವುದೆಂದು ಯಾವ ಸಹೃದಯನೂ ಊಹಿಸನು. ಆದರೆ ವಿಜ್ಞಾನದ ವಿದ್ಯಾರ್ಥಿಯು ಊಹಿಸಿಯೇ ತೀರುವನು. ಊಹಿಸುವುದೇ ಅವನ ಧರ್ಮ. ಕಾವ್ಯದಲ್ಲಿ ನಿರಪಾಯವಾದ ಉಪಮೆಯು ಪಾಠಶಾಲೆಯಲ್ಲಿ ಅಪಾಯಕರವಾಗುವುದು ಇಲ್ಲಿಯೇ.

ಬುಗುರಿಯು 360 ಅಂಶ ತಿರುಗಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಪ್ರತಿಪಾದಿಸಿದ ಎಲೆಕ್ಟ್ರಾನಿನ 'ಸ್ಪಿನ್' ಅಂಥದಲ್ಲ: ಅದರ ತರಂಗವು ಮೊದಲಿನಂತಾಗಲು 720 ಅಂಶ ಬೇಕು. ಜೇನುತುಪ್ಪವು ಚಲಿಸುವ ವಸ್ತುವನ್ನು ಕ್ರಮೇಣ ನಿಲ್ಲಿಸಿಬಿಡುತ್ತದೆ; ಹಿಗ್ಸ್ ಕ್ಷೇತ್ರದಿಂದ ಬರುವ ದ್ರವ್ಯರಾಶಿಯು ವೇಗದ ಬದಲಾವಣೆಯನ್ನು ಮಾತ್ರ ವಿರೋಧಿಸುತ್ತದೆ, ಸಮವೇಗವನ್ನಲ್ಲ. ಈ ಉಪಮಾನವನ್ನು ನಂಬಿದವನು ನ್ಯೂಟನ್ನನ ಮೊದಲನೆಯ ನಿಯಮವನ್ನೇ ಕಳೆದುಕೊಳ್ಳುವನು.

ನ್ಯೂಟ್ರಿನೋವಿನ ಉದಾಹರಣೆಯು ನಮ್ಮ ನಾಡಿನದೇ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಬೆಳಕಿಗೆ ಗಾಜು ದಾರಿ, ಶಹಾಬಾದಿನ ಹಾಸುಗಲ್ಲು ಗೋಡೆ. ನ್ಯೂಟ್ರಿನೋವಿಗೆ ಈ ಭೇದವಿಲ್ಲ. ವಿದ್ಯುದಾವೇಶವಿಲ್ಲದ ಅದು ದುರ್ಬಲ ಬಲದ ಮೂಲಕ ಮಾತ್ರ, ಅತ್ಯಂತ ವಿರಳವಾಗಿ, ಪದಾರ್ಥವನ್ನು ಸಂಧಿಸುತ್ತದೆ. ದಾಟುವ ಗುಣವು ಕಲ್ಲಿನದಲ್ಲ, ಕಣದ್ದು.

ಹಾಗಾದರೆ ಉಪಮೆಯನ್ನು ಬಿಟ್ಟು ಗಣಿತವನ್ನೇ ಹೇಳಬೇಕೆಂದು ಕೆಲವರು ವಾದಿಸಬಹುದು. ಅದು ಸಾಧ್ಯವಲ್ಲ; 'ಕಣ' ಎಂಬ ಮಾತೇ ಧಾನ್ಯದ ಕಾಳಿನಿಂದ ಬಂದ ಉಪಮಾನ. ಪರಿಹಾರವನ್ನು ಆಲಂಕಾರಿಕರೇ ತೋರಿಸಿದ್ದಾರೆ. ಸಾದೃಶ್ಯವುಳ್ಳ ಎರಡು ವಸ್ತುಗಳ ಭೇದವನ್ನು ಹೇಳುವುದನ್ನು ದಂಡಿಯು ವ್ಯತಿರೇಕವೆಂದನು. ಬೋಧಕನಿಗೆ ತಕ್ಕ ಅಲಂಕಾರವು ಬರಿಯ ಉಪಮೆಯಲ್ಲ, ವ್ಯತಿರೇಕ. 'ಬುಗುರಿಯಂತೆ' ಎಂದ ಉಸಿರಿನಲ್ಲಿಯೇ 'ಇಷ್ಟರಲ್ಲಿ ಬುಗುರಿಯಂತಲ್ಲ' ಎಂದೂ ನುಡಿದರೆ, ಕೇಳುವವನ ಊಹೆಯು ದಾರಿ ತಪ್ಪದೆ ಮುಂದೆ ಸಾಗುವುದು.