ಕಾರಂತರ ಕಾದಂಬರಿಗಳಲ್ಲಿ ಮನೆ ಮತ್ತು ಮನೆಯವರು



ಆಗುಂಬೆ ಘಾಟಿಯ ೧೪ ತಿರುವುಗಳನ್ನು ಇಳಿದು ಸೋಮೇಶ್ವರವನ್ನು ದಾಟಿದರೆ ಹೆಬ್ರಿ ಸಿಗುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ಉಡುಪಿಯ ಕಡೆಗೆ ಹೊರಟಿದ್ದ ನಾವು ಅಲ್ಲಿ ಒಂದು ರಾತ್ರಿ ತಂಗಬೇಕಾಯಿತು. ನಮ್ಮ ಪ್ರಸಾದನಿಲಯದಲ್ಲಿ ಓದಿ, ಆ ಸೀಮೆಯಲ್ಲಿಯೇ ಅಧ್ಯಾಪಕರಾಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಮನೆ ಅದು. ಮಕ್ಕಳಿಬ್ಬರು, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಹೊರದೇಶದಲ್ಲಿ. ಮನೆಯಲ್ಲಿ ಉಳಿದವರು ದಂಪತಿಗಳಿಬ್ಬರೇ. ರಾತ್ರಿ ಪ್ರಸಾದವಾದ ಮೇಲೆ ಆ ತಾಯಿ ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ತಂದು, “ಬುದ್ಧೀ, ಇದರಲ್ಲಿ ಕೊನೆಗೆ ಮಗ ಮನೆಗೆ ಬಂದನೋ ಇಲ್ಲವೋ ಎಂದು ಬರೆದೇ ಇಲ್ಲವಲ್ಲ! ಬರೆಯುವವರಿಗೆ ಅಷ್ಟು ಕರುಣೆಯೂ ಬೇಡವೇ?” ಎಂದು ಕೇಳಿದರು. ಪುಸ್ತಕ ಶಿವರಾಮ ಕಾರಂತರ ‘ಬೆಟ್ಟದ ಜೀವ’. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಮಠಕ್ಕೆ ಮರಳಿದ ಮೇಲೆ ಕಾರಂತರ ಕೆಲವು ಕೃತಿಗಳನ್ನು ಮತ್ತೆ ತೆರೆದೆವು. ಈ ಲೇಖನ ಆ ಓದಿನ ಫಲ.

೧೯೦೨ರಲ್ಲಿ ಕೋಟದಲ್ಲಿ ಹುಟ್ಟಿ ೧೯೯೭ರಲ್ಲಿ ಮಣಿಪಾಲದಲ್ಲಿ ಕಣ್ಮುಚ್ಚಿದ ಕಾರಂತರನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ದೇವರ ವಿಷಯದಲ್ಲಿ ಕೊನೆಯವರೆಗೂ ಸಂಶಯವನ್ನು ಬಿಡದವರ ಪುಸ್ತಕಕ್ಕೆ ಮಠದ ಪತ್ರಿಕೆಯಲ್ಲಿ ಸ್ಥಳವೇಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಮನೆಯೆಂಬುದನ್ನು ಅಷ್ಟು ಹತ್ತಿರದಿಂದ ನೋಡಿದವರು ಯಾರೇ ಆಗಿರಲಿ, ಅವರ ಮಾತನ್ನು ಕೇಳಬೇಕಾದದ್ದು ಗೃಹಸ್ಥರ ಕರ್ತವ್ಯವೆಂದೇ ನಮ್ಮ ಅಭಿಪ್ರಾಯ. ಸಂಸಾರವನ್ನು ಬಿಟ್ಟ ನಮ್ಮಂಥವರಿಗಂತೂ ಅದು ಇನ್ನೂ ಅವಶ್ಯ.

‘ಮರಳಿ ಮಣ್ಣಿಗೆ’ ೧೯೪೦ರ ದಶಕದ ಆರಂಭದಲ್ಲಿ ಬಂದ ಕಾದಂಬರಿ. ಕೋಟದ ಬಳಿಯ ಕೋಡಿ ಅದರ ಕಾರ್ಯಕ್ಷೇತ್ರ. ಹೆಬ್ರಿಯ ಪಕ್ಕದಲ್ಲಿ ಹರಿಯುವ ಸೀತಾನದಿ ಕಡಲನ್ನು ಸೇರುವುದೂ ಆ ಭಾಗದಲ್ಲಿಯೇ. ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳ ಕಥೆಯಿದು ಎಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ನಾವೂ ಹಾಗೆಯೇ ಬರೆದು ಅಂಕ ಪಡೆದವರು! ಈ ಸಲ ಓದುವಾಗ ಆ ಮಾತು ಪೂರ್ತಿ ಸರಿಯಲ್ಲವೆನಿಸಿತು. ಗಂಡಸರ ಹೆಸರಿನಲ್ಲಿ ತಲೆಮಾರನ್ನು ಎಣಿಸುತ್ತೇವೆಯೇ ಹೊರತು ಮನೆಯನ್ನು ಹೊತ್ತವರು ಐತಾಳರ ವಿಧವೆ ತಂಗಿ ಸರಸೋತಿ, ಮೊದಲ ಹೆಂಡತಿ ಪಾರೋತಿ, ಎರಡನೆಯವಳಾಗಿ ಬಂದ ಸತ್ಯಭಾಮೆ, ಅನಂತರ ಸೊಸೆ ನಾಗವೇಣಿ. ಐತಾಳರು ಪೌರೋಹಿತ್ಯಕ್ಕೆ ಹೊರಟರೆ ಗದ್ದೆಯ ಕೆಸರು ಈ ಹೆಂಗಸರದು. ಕಾರಂತರು ಅವರ ದುಡಿಮೆಯನ್ನು ಹೊಗಳಿ ಬರೆಯುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತಾರೆ. ಓದುವವರ ಬೆನ್ನೇ ನೋಯುತ್ತದೆ.

ಪಾರೋತಿಯ ಪಾತ್ರವನ್ನು ಗಮನಿಸಬೇಕು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಸವತಿಯ ಮಗನನ್ನು ಈಕೆ ತನ್ನ ಮಗನೆಂದೇ ಕಂಡಳು. ಇದನ್ನು ತ್ಯಾಗವೆಂದು ಕರೆದು ಕೈಮುಗಿದುಬಿಡುವುದು ನಮಗೆ ಬಹಳ ಸುಲಭ. ಶರಣರ ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಇಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರಳು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಆಕೆ. ಕಾಯಕ ಇಬ್ಬರದೂ ಇದೆ. ಆದರೆ ಗಂಡನನ್ನು ತಿದ್ದುವ ಅಧಿಕಾರ ಲಕ್ಕಮ್ಮನಿಗಿತ್ತು, ಪಾರೋತಿಗೆ ಇರಲಿಲ್ಲ. ಐತಾಳರ ಮನೆಯ ದುರಂತ ಲಚ್ಚನ ಜೂಜಿನಿಂದ ಆರಂಭವಾಯಿತೆಂದು ವಿಮರ್ಶಕರು ಹೇಳುವುದುಂಟು. ದುಡಿಯುವ ಹೆಂಗಸಿನ ಮಾತಿಗೆ ಬೆಲೆಯಿಲ್ಲದ ದಿನವೇ ಅದು ಆರಂಭವಾಗಿತ್ತು ಎಂದು ನಮಗೆ ತೋರುತ್ತದೆ.

ಲಚ್ಚನ ಚಿತ್ರಣದಲ್ಲಿ ನಮಗೆ ಅತೃಪ್ತಿಯಿದೆ. ತಂದೆಯ ಆಸೆಯಂತೆ ಇಂಗ್ಲಿಷು ಕಲಿಯಲು ಹೋದ ಹುಡುಗ ಕೆಟ್ಟವನಾದ; ಸರಿ. ಆದರೆ ಅವನ ಅಂತರಂಗದ ಬಾಗಿಲನ್ನು ಕಾರಂತರು ನಮಗೆ ತೆರೆಯುವುದೇ ಇಲ್ಲ. ಸರಸೋತಿಯ ಮೌನಕ್ಕೂ ಅರ್ಥ ಹುಡುಕಿದ ಲೇಖನಿ ಇವನ ಮುಂದೆ ಬಂದಾಗ ನ್ಯಾಯಾಧೀಶರ ಲೇಖನಿಯಾಗುತ್ತದೆ. ಹಾದಿ ತಪ್ಪಿದ ಮಕ್ಕಳ ತಂದೆತಾಯಿಗಳು ಮಠಕ್ಕೆ ಬಂದು ಕಣ್ಣೀರಿಡುವುದನ್ನು ಕಂಡಿರುವ ನಮಗೆ, ಅಂಥ ಮಗನ ಮನಸ್ಸೇ ಹೆಚ್ಚು ತಿಳಿಯಬೇಕಾಗಿತ್ತು. ಮೊಮ್ಮಗ ರಾಮ ಮದರಾಸಿನಲ್ಲಿ ಓದಿ, ಮುಂಬಯಿಯಲ್ಲಿ ನೆಲೆ ಸಿಗದೆ, ಕೋಡಿಯ ಮಣ್ಣಿಗೆ ಹಿಂದಿರುಗುವ ಭಾಗ ಹೆಸರಾದದ್ದು. ಆ ಮಣ್ಣನ್ನು ಅವನಿಗಾಗಿ ಉಳಿಸಿಕೊಟ್ಟವಳು ಯಾರೆಂದು ಯೋಚಿಸಿದರೆ ಮತ್ತೆ ನಾಗವೇಣಿಯ ಬಳಿಗೇ ಬರುತ್ತೇವೆ.

‘ಬೆಟ್ಟದ ಜೀವ’ ೧೯೪೩ರ ಕೃತಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಮಾಡಿದ ಗೋಪಾಲಯ್ಯ, ಶಂಕರಮ್ಮ. ಮನೆ ಬಿಟ್ಟುಹೋದ ಮಗ ಶಂಭು. ಗೋಪಾಲಯ್ಯನವರು ಬಂದವರೊಡನೆ ನಗುತ್ತಾ ಹರಟುತ್ತಾರೆ, ಉಪಚರಿಸಿ ದಣಿಯುವುದಿಲ್ಲ. ಅತಿಥಿಯನ್ನು ಬಿಡಲೊಲ್ಲದ ಆ ಉಪಚಾರದ ಅಡಿಯಲ್ಲಿ ಮಗನ ಹಸಿವಿದೆಯೆಂದು ನಮಗೆ ತಿಳಿಯುವಷ್ಟರಲ್ಲಿ ನಾಲ್ಕಾರು ಅಧ್ಯಾಯಗಳು ಕಳೆದಿರುತ್ತವೆ. ಕಟ್ಟಮೂಲೆಯಲ್ಲಿ ತಾವು ನೆಲೆಗೊಳಿಸಿದ ನಾರಾಯಣ, ಲಕ್ಷ್ಮಿಯರನ್ನು ಅವರು ಮಕ್ಕಳಂತೆ ನೋಡುತ್ತಾರೆ. ಆ ನಾರಾಯಣನೂ ಹೊರಟುಬಿಟ್ಟಾನೋ ಎಂಬ ಭಯ ಬೇರೆ. ರಕ್ತಸಂಬಂಧಕ್ಕಿಂತ ಕೈಯಾರೆ ಸಾಕಿದ ಸಂಬಂಧ ಕಡಿಮೆಯದಲ್ಲ ಎಂದು ಕಾರಂತರು ಇಲ್ಲಿ ತೋರಿಸುತ್ತಾರೆ. ಆದರೂ ಒಂದು ಮತ್ತೊಂದರ ಸ್ಥಾನವನ್ನು ತುಂಬಿಬಿಡುತ್ತದೆ ಎಂಬ ಸುಳ್ಳನ್ನು ಅವರು ಹೇಳುವುದಿಲ್ಲ. ಹೆಬ್ರಿಯ ಆ ತಾಯಿಯ ದೂರಿಗೆ ನಾವು ಕೊಡಬಹುದಾದ ಸಮಾಧಾನ ಇಷ್ಟೇ: ಶಂಭುವನ್ನು ಬಾಗಿಲಲ್ಲಿ ತಂದು ನಿಲ್ಲಿಸಿದ್ದರೆ ಪುಸ್ತಕ ಅಲ್ಲಿಗೆ ಮುಗಿದುಹೋಗುತ್ತಿತ್ತು, ಆಕೆ ಅದನ್ನು ರಟ್ಟು ಕೀಳುವಷ್ಟು ಸಲ ಓದುತ್ತಿರಲಿಲ್ಲ. ಇದು ಸಾಲದೆಂದು ನಮಗೂ ಗೊತ್ತು.

‘ಮೂಕಜ್ಜಿಯ ಕನಸುಗಳು’ (೧೯೬೮) ಕುರಿತು ಬಹಳ ಚರ್ಚೆ ನಡೆದಿದೆ. ದೇವರು, ಇತಿಹಾಸಗಳ ಬಗೆಗಿನ ಅಜ್ಜಿಯ ಮಾತುಗಳೆಲ್ಲವನ್ನೂ ನಾವು ಒಪ್ಪಲಾರೆವು. ಆದರೆ ಬಾಲ್ಯದಲ್ಲಿಯೇ ವಿಧವೆಯಾಗಿ ಮೂಲೆ ಸೇರಿದ ಜೀವವೊಂದು, ಮೊಮ್ಮಗ ಸುಬ್ಬರಾಯ ಕುಳಿತು ಕೇಳತೊಡಗಿದ ಮೇಲೆ ಬಾಯಿ ತೆರೆಯಿತಲ್ಲ, ಅದು ದೊಡ್ಡದು.

ಇನ್ನು ಕಾರಂತರು ತಮ್ಮ ಬದುಕನ್ನು ತಾವೇ ಬರೆದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ನಾಟಕ, ಶಿಕ್ಷಣ, ಪುತ್ತೂರಿನ ಬಾಲವನ, ಯಕ್ಷಗಾನ ಎಂದು ಹೊರಗಿನ ಸಾಹಸಗಳು ಅಲ್ಲಿ ತುಂಬಿವೆ. ೧೯೩೬ರಲ್ಲಿ ಜಾತಿಯ ಗೆರೆಯನ್ನು ದಾಟಿ ಲೀಲಾ ಅವರ ಕೈಹಿಡಿದವರು ಅವರು. ಕಾದಂಬರಿಗಳಲ್ಲಿ ಪರರ ಅಡುಗೆಮನೆಯ ಹೊಗೆಯವರೆಗೂ ಹೊಕ್ಕ ದೃಷ್ಟಿ ತನ್ನ ಮನೆಯ ಹೊಸ್ತಿಲಲ್ಲಿ ಸಂಕೋಚಪಟ್ಟು ನಿಂತಂತೆ ನಮಗೆ ಕಾಣುತ್ತದೆ. ಆ ಸಂಕೋಚವನ್ನು ದೋಷವೆನ್ನಲಾರೆವು. ಆದರೆ ಓದುಗರಿಗೆ ಅದರಿಂದ ನಷ್ಟವಂತೂ ಆಗಿದೆ. ಅದನ್ನು ಕೆಲಮಟ್ಟಿಗೆ ತುಂಬಿಕೊಟ್ಟವರು ಮಕ್ಕಳು. ಉಲ್ಲಾಸ ಕಾರಂತ, ಮಾಳವಿಕಾ ಕಪೂರ್, ಕ್ಷಮಾ ರಾವ್ ಮೂವರೂ ಸೇರಿ ೨೦೨೧ರಲ್ಲಿ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದರು. ತಂದೆಯ ಪಕ್ಕದಲ್ಲಿ ತಾಯಿಯೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಹಿರಿಯ ಮಗ ಹರ್ಷ ಯೌವನದಲ್ಲಿಯೇ ತೀರಿಕೊಂಡ ಮನೆ ಅದು. ‘ಬೆಟ್ಟದ ಜೀವ’ ಆ ಅಗಲಿಕೆಗಿಂತ ಎಷ್ಟೋ ಮೊದಲು ಬರೆದದ್ದೆಂಬುದು ನೆನಪಾದಾಗ ನಾವು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆವು.

ಮೊದಲ ಸಲ ಕಾರಂತರನ್ನು ಓದುವವರು ‘ಬೆಟ್ಟದ ಜೀವ’ದಿಂದ ತೊಡಗಲಿ, ‘ಮರಳಿ ಮಣ್ಣಿಗೆ’ಗೆ ಬಿಡುವು ಬೇಕು. ಹೆಬ್ರಿಯ ಆ ಮನೆಗೆ ರಟ್ಟು ಗಟ್ಟಿಯಾಗಿರುವ ಪ್ರತಿಯೊಂದನ್ನು ಕಳುಹಿಸಿಕೊಟ್ಟೆವು. ದೀಪಾವಳಿಗೆ ಬೆಂಗಳೂರಿನ ಮಗ ಬಂದವನು ಹಳೆಯ ಪ್ರತಿಯನ್ನು ತನ್ನೊಡನೆ ಒಯ್ದನೆಂದು ಮೇಷ್ಟರು ಪತ್ರ ಬರೆದಿದ್ದಾರೆ.