ಪಾಂಪೆಯ ರಂಗಮಂದಿರದಲ್ಲಿ ಪಾಸ್ತಾ

ರೋಮಿನ ಕಾಂಪೊ ದೆ ಫಿಯೊರಿ ಚೌಕದ ಹಿಂದೆ ವಿಯಾ ದಿ ಗ್ರೊಟ್ಟಾ ಪಿಂಟಾ ಎಂಬ ಬೀದಿಯಿದೆ. ಅಲ್ಲಿನ ಮನೆಗಳ ಸಾಲು ನೇರವಾಗಿಲ್ಲ, ಅರೆವೃತ್ತವಾಗಿ ಬಾಗಿದೆ. ಸೇನಾನಿ ಪಾಂಪೆ ಕ್ರಿ.ಪೂ. 55ರಲ್ಲಿ ಉದ್ಘಾಟಿಸಿದ, ರೋಮಿನ ಮೊದಲ ಶಾಶ್ವತ ಕಲ್ಲಿನ ರಂಗಮಂದಿರದ ಪ್ರೇಕ್ಷಾಗೃಹದ ಮೇಲೆಯೇ ಈ ಮನೆಗಳು ಎದ್ದಿರುವುದರಿಂದ ಆ ಬಾಗು. ಅದರ ಕಮಾನುಗಳನ್ನೇ ದುರಸ್ತಿ ಮಾಡಿ ಊಟದ ಕೋಣೆಗಳಾಗಿಸಿಕೊಂಡ ತ್ರತ್ತೊರಿಯಾಗಳು, ಅಂದರೆ ಸಾದಾ ಊಟದ ಮನೆಗಳು, ಈ ಸುತ್ತಿನಲ್ಲಿವೆ. ನಾನು ಉಂಡದ್ದು ಅಂಥದೊಂದರಲ್ಲಿ.

ದುರಸ್ತಿಯ ಮಟ್ಟಿಗೆ ಮೆಚ್ಚಲೇಬೇಕು. ಗೋಡೆಗೆ ಗಾರೆ ಮೆತ್ತಿಲ್ಲ. ಟೂಫಾ ಕಲ್ಲಿನ ಪುಟ್ಟ ತುಂಡುಗಳನ್ನು ಓರೆಯಾಗಿ ಕೂರಿಸಿ ಮೀನಿನ ಬಲೆಯಂತೆ ಕಾಣಿಸುವ ರೋಮನ್ನರ ಕೆಲಸ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ. ಮೇಜುಗಳು ಒತ್ತೊತ್ತಾಗಿವೆ. ಚಾವಣಿ ತಗ್ಗು, ಬೆಳಕು ಹದ. ಈ ಆಪ್ತತೆಗೆ ತೆರುವ ಬೆಲೆ ಸದ್ದು: ಎರಡು ಮೇಜು ತುಂಬಿದರೆ ಸಾಕು, ಕಮಾನು ಪ್ರತಿ ಮಾತನ್ನೂ ಹಿಂದಕ್ಕೆ ಎಸೆಯುತ್ತದೆ. ಸೀಸರ್ ಸತ್ತದ್ದು ಇಲ್ಲೇ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಕ್ರಿ.ಪೂ. 44ರ ಆ ಕೊಲೆ ನಡೆದ ಸಭಾಭವನ ಇದೇ ಸಂಕೀರ್ಣದ್ದು ನಿಜ, ಆದರೆ ಅದಿದ್ದದ್ದು ಇನ್ನೊಂದು ತುದಿಯಲ್ಲಿ, ಇಂದಿನ ಲಾರ್ಗೊ ಅರ್ಜೆಂತೀನಾದಲ್ಲಿ.

ಇಂಥ ಗೋಡೆಯಿದ್ದರೆ ಅಡುಗೆಯವನಿಗೆ ಮೈಗಳ್ಳತನ ಬರುವುದು ಸುಲಭ. ಜನ ಹೇಗೂ ಬರುತ್ತಾರೆ. ಹಾಗಾಗಿ ನನ್ನ ಪರೀಕ್ಷೆ ಕಾಚೊ ಎ ಪೆಪೆ ಎಂಬ ಪಾಸ್ತಾ. ಪೆಕೊರಿನೊ ರೊಮಾನೊ ಚೀಸು, ಕಾಳುಮೆಣಸು, ಪಾಸ್ತಾ ಬೆಂದ ಗಂಜಿನೀರು, ಅಷ್ಟೇ. ಬೆಣ್ಣೆಯಿಲ್ಲ, ಕ್ರೀಮಿಲ್ಲ. ಕಾವು ಒಂದಿಷ್ಟು ಏರಿದರೆ ಚೀಸು ಗಂಟುಕಟ್ಟುತ್ತದೆ, ಇಳಿದರೆ ಎಳೆಗೆ ಅಂಟುವುದೇ ಇಲ್ಲ. ಬಾಣಲೆಯನ್ನು ಒಲೆಯಿಂದ ಇಳಿಸಿ, ಗಂಜಿನೀರು ಚಿಮುಕಿಸುತ್ತಾ ಬಿಡದೆ ಕಲಸಬೇಕು. ಸರಿಬಂದರೆ ಎಳೆ ಎತ್ತಿದಾಗ ತಟ್ಟೆಯಲ್ಲಿ ನೀರು ಉಳಿಯುವುದಿಲ್ಲ, ಮೆಣಸಿನ ಘಾಟು ಚೀಸಿನ ಉಪ್ಪನ್ನು ಸೀಳಿಕೊಂಡು ಬರುತ್ತದೆ. ನನ್ನ ಮುಂದಿಟ್ಟ ತಟ್ಟೆ ಮುಕ್ಕಾಲು ಪಾಲು ಗೆದ್ದಿತು. ಮಿಶ್ರಣ ನಯವಾಗಿತ್ತು, ಮೆಣಸು ಮಾತ್ರ ಹುರಿಯದೆ ಉದುರಿಸಿದ ಹಳೆಯ ಪುಡಿ. ಮಲಬಾರ್ ಕರಾವಳಿಯ ಮೆಣಸಿಗೆಂದೇ ಡೊಮಿಷಿಯನ್ ಚಕ್ರವರ್ತಿ ಉಗ್ರಾಣ ಕಟ್ಟಿಸಿದ ಊರಿನಲ್ಲಿ ಈ ಜಿಪುಣತನ ಸಲ್ಲದು!

ನಮ್ಮ ಸಸ್ಯಾಹಾರಿಗಳು ‘ಇದೊಂದಾದರೂ ಸಿಕ್ಕಿತಲ್ಲ’ ಎಂದು ನಿಟ್ಟುಸಿರು ಬಿಡುವ ತಿನಿಸು ಕಾಚೊ ಎ ಪೆಪೆ. ಆದರೆ ಪೆಕೊರಿನೊ ರೊಮಾನೊಗೆ ಹಾಕುವ ಹೆಪ್ಪು ಕುರಿಮರಿಯ ಜಠರದಿಂದ ಬರುವಂಥದ್ದು. ಮೆನುವಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಕಟ್ಟುನಿಟ್ಟಿನವರಿಗೆ ಕಾರ್ಚೋಫಿ ಅಲ್ಲ ಜೂದಿಯಾ ವಾಸಿ: ಹತ್ತಿರದ ಯಹೂದಿ ಕೇರಿಯ ಅಡುಗೆ, ಆರ್ಟಿಚೋಕನ್ನು ಇಡಿಯಾಗಿ ಎಣ್ಣೆಯಲ್ಲಿ ಕರಿದು ಎಸಳು ಅರಳಿಸುವುದು. ಹೊರ ಎಸಳು ಹಪ್ಪಳದ ಗರಿ, ಒಳಗೆ ಬೆಣ್ಣೆ. ಅಂದಿನ ಊಟದಲ್ಲಿ ಗೋಡೆಯ ಹಂಗಿಲ್ಲದೆ ನಿಂತದ್ದು ಇದೊಂದೇ. ಬೀದಿಯಲ್ಲಿ ನಿಂತು ತಿಂದಿದ್ದರೂ ಇಷ್ಟೇ ರುಚಿಸುತ್ತಿತ್ತು. ತಿರಾಮಿಸು ಫ್ರಿಜ್ಜಿನಲ್ಲಿ ದಿನ ಕಳೆದ ರುಚಿ, ಬಿಟ್ಟರೆ ನಷ್ಟವಿಲ್ಲ.

ಬಿಲ್ಲನ್ನು ಓದಿಯೇ ದುಡ್ಡು ಕೊಡಿ. ಕುಳಿತದ್ದಕ್ಕೆ ತೆರುವ ‘ಕೊಪೆರ್ತೊ’ವನ್ನು ರೋಮ್ ಸೇರಿದ ಲಾಜಿಯೊ ಪ್ರಾಂತ 2006ರಲ್ಲೇ ಕಾನೂನು ಮಾಡಿ ತೆಗೆದುಹಾಕಿತ್ತು. ನನ್ನ ಬಿಲ್ಲಿನಲ್ಲಿ ಅದು ಬ್ರೆಡ್ಡಿನ ವೇಷದಲ್ಲಿ ಬಂದಿತ್ತು, ಬ್ರೆಡ್ಡೂ ಒಣಗಿತ್ತು. ಮತ್ತೆ ಹೋಗುತ್ತೇನೆಯೇ? ಆರ್ಟಿಚೋಕಿನ ಕಾಲದಲ್ಲಿ, ಮಧ್ಯಾಹ್ನ ಜನ ಸೇರುವ ಮುಂಚೆ, ಖಂಡಿತ.